ಕೈ ಬದಲಾಗಿದೆ ಸರಿ, ಬೆಲೆ ಎಲ್ಲಿ?

ರಿಟರ್ನ್ಸ್ ಹಾಕುವ ಸಮಯ. ಗೆಳೆಯನ ಆಡಿಟರ್ ಅವನ ಎನ್‌ಎಫ್‌ಟಿಗಳ (ಬ್ಲಾಕ್‌ಚೈನ್ ಅನ್ನೋ ಬಹಿರಂಗ ಡಿಜಿಟಲ್ ಲೆಕ್ಕದ ಪುಸ್ತಕದಲ್ಲಿ ಒಡೆತನ ದಾಖಲಾಗುವ ಡಿಜಿಟಲ್ ವಸ್ತುಗಳ) ಪಟ್ಟಿ ಕೇಳಿದ್ದರು. ಯಾವುದನ್ನು ಎಷ್ಟಕ್ಕೆ ಕೊಂಡಿದ್ದು, ಎಷ್ಟಕ್ಕೆ ಮಾರಿದ್ದು, ಎಲ್ಲಾ ಬೇಕು. 2022ರ ಏಪ್ರಿಲ್‌ನಿಂದ ಇಂಥ ಲಾಭಕ್ಕೆ ಶೇಕಡಾ 30 ತೆರಿಗೆ. ಒಂದರ ನಷ್ಟವನ್ನು ಇನ್ನೊಂದರ ಲಾಭದಲ್ಲಿ ಕಳೆಯುವ ಹಾಗಿಲ್ಲ. ಹಾಗಾಗಿ ಒಟ್ಟು ಮೊತ್ತ ಹೇಳಿ ಕೈತೊಳೆದುಕೊಳ್ಳೋಕೆ ಆಗಲ್ಲ.

"ಎಲ್ಲಾ ಬ್ಲಾಕ್‌ಚೈನ್‌ನಲ್ಲೇ ಇರುತ್ತಲ್ಲ ಮಾರಾಯ, ನೀನು ಪ್ರೋಗ್ರಾಮ್ ಬರೆಯೋನು, ತೆಗೆದುಕೊಡು" ಅಂದ.

ಅವನ ವ್ಯಾಲೆಟ್ ವಿಳಾಸ ಹಾಕಿ, ಈಥರಿಯಂ ಬ್ಲಾಕ್‌ಚೈನ್‌ನ ದಾಖಲೆ ತೋರಿಸುವ ಈಥರ್‌ಸ್ಕ್ಯಾನ್ ತಾಣದ ಎಪಿಐನಿಂದ (ಪ್ರೋಗ್ರಾಮ್ ಮೂಲಕ ಮಾಹಿತಿ ಕೇಳುವ ದಾರಿ) ಟ್ರಾನ್ಸ್‌ಫರ್‌ಗಳನ್ನೆಲ್ಲ ಇಳಿಸಿದೆ. ಯಾರಿಂದ, ಯಾರಿಗೆ, ಯಾವ ಟೋಕನ್, ಎಷ್ಟು ಗ್ಯಾಸ್ (ಟ್ರಾನ್ಸಾಕ್ಷನ್‌ನ ಶುಲ್ಕ), ಎಲ್ಲಾ ಇತ್ತು. ಬೆಲೆ ಮಾತ್ರ ಇಲ್ಲ. ಅದು ಎಪಿಐ ತಪ್ಪಲ್ಲ. ಎನ್‌ಎಫ್‌ಟಿಗಳ ಮಾನದಂಡವಾದ ಇಆರ್‌ಸಿ-721ರ ಟ್ರಾನ್ಸ್‌ಫರ್ ಇವೆಂಟ್‌ನಲ್ಲಿ (ಕೈ ಬದಲಾದಾಗ ಬರೆದಿಡುವ ದಾಖಲೆ) ಇರೋದೇ ಕೊಟ್ಟವನು, ಪಡೆದವನು, ಟೋಕನ್ ನಂಬರ್, ಇಷ್ಟೇ. ಜಮೀನಿನ ಖಾತೆ ಬದಲಾಗಿದೆ ಅಂತ ಗೊತ್ತಾಗುತ್ತೆ. ಕ್ರಯವೋ ದಾನವೋ ಅಂತ ಬೇರೆ ಕಾಗದ ನೋಡಬೇಕು, ಹಾಗೆ.

ಸರಿ, ಒಂದೊಂದು ಹ್ಯಾಶ್ (ಟ್ರಾನ್ಸಾಕ್ಷನ್‌ನ ಗುರುತಿನ ಸಂಖ್ಯೆ) ಹಿಡಿದು ಆ ಟ್ರಾನ್ಸಾಕ್ಷನ್‌ನ 'ವ್ಯಾಲ್ಯೂ', ಅಂದ್ರೆ ಕಳಿಸಿದ ಮೊತ್ತ ನೋಡಿದೆ. ಅದು ವೇ ಅನ್ನೋ ಚಿಕ್ಕ ಘಟಕದಲ್ಲಿ ಇರುತ್ತೆ, ಹತ್ತರ ಘಾತ 18ರಿಂದ ಭಾಗಿಸಿದರೆ ಈಥರ್, ಈಥರಿಯಂನ ನಾಣ್ಯ. ಕೆಲವು ಸಲೀಸಾಗಿ ಸಿಕ್ಕವು. ಒಂದರಲ್ಲಿ ಮಾತ್ರ ಸೊನ್ನೆ. "ಅದನ್ನ ಮಾರಿದ್ದೇ, ದುಡ್ಡೂ ಬಂದಿದೆ" ಅಂತ ಇವನ ವಾದ.

ಆ ಟ್ರಾನ್ಸಾಕ್ಷನ್‌ನ ರಸೀದಿಯ ಲಾಗ್‌ಗಳನ್ನು (ಅದರಲ್ಲಿ ನಡೆದ ಇವೆಂಟ್‌ಗಳ ಪಟ್ಟಿ) ಬಿಡಿಸಿ ನೋಡಿದೆ. ಇವನು ಯಾರದೋ ಆಫರ್ ಒಪ್ಪಿಕೊಂಡಿದ್ದ. ಆಗ ದುಡ್ಡು ಬರೋದು ಡಬ್ಲ್ಯುಇಟಿಎಚ್ (ಈಥರ್‌ಗೆ ಸಮ ಬೆಲೆಯ ಟೋಕನ್) ಆಗಿ, ಈಥರ್ ಆಗಿ ಅಲ್ಲ. ಮಜಾ ಅಂದ್ರೆ ಅದರ ಟ್ರಾನ್ಸ್‌ಫರ್‌ಗೂ ಎನ್‌ಎಫ್‌ಟಿ ಟ್ರಾನ್ಸ್‌ಫರ್‌ಗೂ ಮೊದಲ ಟಾಪಿಕ್ (ಲಾಗ್ ಹುಡುಕೋಕೆ ಇಟ್ಟ ಗುರುತು) ಒಂದೇ, ಎರಡೂ ಡಿಡಿಎಫ್252ಎಡಿ ಅಂತಲೇ ಶುರು. ಟಾಪಿಕ್ ಮೂರಿದ್ದರೆ ದುಡ್ಡು, ನಾಲ್ಕಿದ್ದರೆ ಎನ್‌ಎಫ್‌ಟಿ. ಇವನಿಗೆ ಬಂದಿದ್ದು 0.37 ಡಬ್ಲ್ಯುಇಟಿಎಚ್, ಮಾರುಕಟ್ಟೆಯ ಫೀಸ್ 0.01, ಕಲಾವಿದರ ರಾಯಲ್ಟಿ 0.02. ಮಾರಿದ ಬೆಲೆ 0.40, ಕೈಗೆ ಸಿಕ್ಕಿದ್ದು 0.37. ಎರಡಕ್ಕೂ ಬೇರೆ ಕಾಲಂ ಹಾಕಿದೆ. ತೀರ್ಮಾನ ಆಡಿಟರ್ ಮಾಡಲಿ.

ಒಂದೇ ಟ್ರಾನ್ಸಾಕ್ಷನ್‌ನಲ್ಲಿ ನಾಲ್ಕು ಎನ್‌ಎಫ್‌ಟಿ ಬಾಚಿಕೊಂಡಿದ್ದೂ ಇತ್ತು. ಅಲ್ಲಿ 'ವ್ಯಾಲ್ಯೂ' ನಾಲ್ಕರದ್ದೂ ಸೇರಿ. ನಾಲ್ಕರಿಂದ ಸುಮ್ನೆ ಭಾಗಿಸೋದು ನನಗೆ ಒಪ್ಪಿಗೆ ಇಲ್ಲ, ಒಂದೊಂದರ ಬೆಲೆ ಬೇರೆ ಅಲ್ವಾ? ಎನ್‌ಎಫ್‌ಟಿ ಮಾರುಕಟ್ಟೆ ಓಪನ್‌ಸೀ 2022ರ ಜೂನ್‌ನಲ್ಲಿ ಸೀಪೋರ್ಟ್ ಅನ್ನೋ ವ್ಯಾಪಾರದ ಪ್ರೋಗ್ರಾಮ್‌ಗೆ ಬಂತು. ಅದರಲ್ಲಿ ಪ್ರತಿ ಆರ್ಡರ್‌ಗೂ 'ಆರ್ಡರ್ ಫುಲ್‌ಫಿಲ್ಡ್' ಅಂತ ಒಂದು ಇವೆಂಟ್ ಇದೆ. ಏನು ಕೊಟ್ಟರು, ಬದಲಿಗೆ ಏನೇನು ಪಡೆದರು, ಬಿಡಿಬಿಡಿಯಾಗಿ ಬರೆದಿರುತ್ತೆ. ನೇರವಾಗಿ ಮಾರಾಟದ ಬೆಲೆ ಕೊಡೋ ಎಪಿಐಗಳೂ ಇವೆ. ಒಳಗೆ ಅವೂ ಇಂಥ ಇವೆಂಟ್‌ಗಳನ್ನೇ ಓದೋದು.

ಲಾಗ್‌ನಲ್ಲಿ ಬೆಲೆ ಇದ್ದ ಮಾತ್ರಕ್ಕೆ ನಂಬಬೇಕು ಅಂತಲೂ ಇಲ್ಲ ಬಿಡಿ. 2021ರ ಅಕ್ಟೋಬರ್‌ನಲ್ಲಿ ಕ್ರಿಪ್ಟೋಪಂಕ್ 9998 ಅನ್ನೋ ಎನ್‌ಎಫ್‌ಟಿ ಸುಮಾರು 53 ಕೋಟಿ ಡಾಲರ್‌ಗೆ ಮಾರಾಟವಾದ ಹಾಗೆ ದಾಖಲಾಯಿತು. ಅದು ಫ್ಲ್ಯಾಶ್ ಸಾಲದ ಆಟ, ಸಾಲ ಪಡೆದ ದುಡ್ಡು ಅದೇ ಟ್ರಾನ್ಸಾಕ್ಷನ್‌ನಲ್ಲಿ ವಾಪಸ್.

ಗೆಳೆಯನ ಪಟ್ಟಿಯಲ್ಲಿ ಕೊನೆಗೆ ಉಳಿದಿದ್ದು ತಾರೀಖು. ಬ್ಲಾಕ್‌ನ ಸಮಯ ಯುಟಿಸಿ (ಜಗತ್ತಿನ ಪ್ರಮಾಣ ಸಮಯ), ನಮ್ಮದು ಐದೂವರೆ ಗಂಟೆ ಮುಂದೆ. ಒಂದು ಮಾರಾಟ ಮಾರ್ಚ್ 31ರ ರಾತ್ರಿ ಎಂಟಕ್ಕೆ ಅಂತಿತ್ತು. ನಮ್ಮ ಲೆಕ್ಕದಲ್ಲಿ ಅದು ಏಪ್ರಿಲ್ 1, ಬೆಳಗಿನ ಜಾವ ಒಂದೂವರೆ. ಹಣಕಾಸು ವರ್ಷವೇ ಬೇರೆ. ಆ ಸಾಲಿಗೆ ಹಳದಿ ಬಣ್ಣ ಬಳಿದು ಆಡಿಟರ್‌ಗೆ ಕಳಿಸಿದೆ.