ಸ್ಟೇರಿಂಗ್ ತಿರುಗಿಸಿದರೆ ಎಂಜಿನ್ ಏಕೆ ಕುಗ್ಗುತ್ತದೆ?

ಮಡಿಕೇರಿಯ ನಮ್ಮ ಮನೆಯ ಇಕ್ಕಟ್ಟಾದ ಅಂಗಳದಲ್ಲಿ ಹಳೆಯ ಕಾರನ್ನು ಹಿಂದಕ್ಕೆ ತೆಗೆಯಲು ಸ್ಟೇರಿಂಗನ್ನು ಪೂರ್ತಿ ಒಂದು ಬದಿಗೆ ತಿರುಗಿಸಿದಾಗಲೆಲ್ಲ ಎಂಜಿನ್ ನಡುಗಿ, ಅದರ ವೇಗ ತೋರಿಸುವ ಆರ್‌ಪಿಎಂ ಮುಳ್ಳು 800ರಿಂದ 500ಕ್ಕೆ ಜಾರಿ, ಕೆಲವೊಮ್ಮೆ ಗಾಡಿ ಆಫ್ ಆಗಿಬಿಡುತ್ತಿತ್ತು. ಸಂಪಾಜೆ ಘಾಟಿಯ ತಿರುವುಗಳಲ್ಲಿ ಮಾತ್ರ ಈ ತೊಂದರೆ ಕಾಣುತ್ತಿರಲಿಲ್ಲ; ಅಲ್ಲಿ ಕಾಲು ಆಕ್ಸಿಲರೇಟರ್ ಮೇಲೆಯೇ ಇರುತ್ತದೆ.

ಹೈಡ್ರಾಲಿಕ್ ಪವರ್ ಸ್ಟೇರಿಂಗಿನ ಪಂಪನ್ನು ಎಂಜಿನ್ನೇ ಬೆಲ್ಟಿನ ಮೂಲಕ ಓಡಿಸುವುದರಿಂದ, ಚಕ್ರಗಳು ಕೊನೆಯವರೆಗೆ ತಿರುಗಿ ಆಯಿಲ್ ಒತ್ತಡ ಏರಿದಾಗ ಆ ಹೊರೆ ನೇರವಾಗಿ ಎಂಜಿನ್ನಿನ ಮೇಲೆ ಬೀಳುತ್ತದೆ. ಒತ್ತಡದ ಪೈಪಿನಲ್ಲಿ ಕೂರಿಸಿದ ಪುಟ್ಟ ಪ್ರೆಶರ್ ಸ್ವಿಚ್ ಇದನ್ನು ಎಂಜಿನ್ ನಿಯಂತ್ರಿಸುವ ಕಂಪ್ಯೂಟರ್ ಆದ ಇಸಿಯುಗೆ ತಿಳಿಸುತ್ತದೆ. ಇಸಿಯು, ಆಕ್ಸಿಲರೇಟರ್ ಒತ್ತದಿರುವಾಗ ಎಂಜಿನ್ನಿಗೆ ಗಾಳಿ ಬಿಡುವ ಐಡಲ್ ವಾಲ್ವನ್ನು ಇನ್ನಷ್ಟು ತೆರೆದು ಗಾಳಿಯನ್ನೂ ಅದಕ್ಕೆ ತಕ್ಕ ಪೆಟ್ರೋಲನ್ನೂ ಹೆಚ್ಚಿಸುತ್ತದೆ. ಆ ಸೂಚನೆ ಬಾರದಿದ್ದರೆ, ಆರ್‌ಪಿಎಂ ಬಿದ್ದ ಮೇಲಷ್ಟೇ ಅದು ಎಚ್ಚೆತ್ತುಕೊಳ್ಳುತ್ತದೆ.

ಎಂಜಿನ್ನಿಗೆ ಹೋಗುವ ಗಾಳಿಯನ್ನು ನಿಯಂತ್ರಿಸುವ ಥ್ರಾಟಲ್ ಬಾಡಿಯನ್ನು ಎರಡು ಸಲ ತೊಳೆಸಿದೆ; ಪ್ರಯೋಜನವಾಗಲಿಲ್ಲ. ಕೊನೆಗೆ ಸ್ವಿಚ್ಚಿನ ಕನೆಕ್ಟರ್ ಕಳಚಿ ನೋಡಿದರೆ, ಪಿನ್ನುಗಳ ನಡುವೆ ಕಪ್ಪು ಸ್ಟೇರಿಂಗ್ ಆಯಿಲ್ ಜಿನುಗಿ ನಿಂತಿತ್ತು. ಹೊಸ ಸ್ವಿಚ್ ಹಾಕಿ ಕನೆಕ್ಟರನ್ನು ಒರೆಸಿದ ಮೇಲೆ ಸ್ಟೇರಿಂಗ್ ತಿರುಗಿಸಿದರೆ ಮುಳ್ಳು ಒಮ್ಮೆ ಅಲುಗಿ 800ರಲ್ಲೇ ನಿಲ್ಲುತ್ತದೆ.