ತಾಂಬೂಲದ ಚೀಲ ಮಿತಾಕಾಗೆ ಹೋಗಿದ್ದು

ಚೀಲವನ್ನು ಮೇಲೆ ಇಟ್ಟವಳು ನಾನೇ. ಇದನ್ನು ಮೊದಲೇ ಹೇಳಿಬಿಡುತ್ತೇನೆ. ಅಮ್ಮ ಈ ಕಥೆ ಹೇಳುವಾಗ ಆ ಮಾತು ಕಡಿಮೆ ಅಂದರೂ ಮೂರು ಸಲ ಬರುತ್ತದೆ.

ನವೆಂಬರಿನ ಒಂದು ಶನಿವಾರ. ಅಮ್ಮ ಅರಸೀಕೆರೆಯಿಂದ ಟೋಕಿಯೊಗೆ ಬಂದು ಮೂರು ವಾರ ಆಗಿತ್ತು. ನಾವಿರುವುದು ನಿಶಿ-ಕಸಾಯ್‌ನಲ್ಲಿ. ನಮ್ಮ ದೇಶದವರು ಜಾಸ್ತಿ ಇರುವ ಜಾಗ. 2000ದ ಹೊತ್ತಿಗೆ ಕಂಪ್ಯೂಟರ್ ಕೆಲಸಕ್ಕೆ ಬಂದವರು ಇಲ್ಲಿ ಮನೆ ಮಾಡತೊಡಗಿದರು. ತೋಝಾಯ್ ಲೈನಿನ ರೈಲು ಹತ್ತಿದರೆ ಬ್ಯಾಂಕುಗಳೆಲ್ಲ ಇರುವ ಓತೆಮಾಚಿಗೆ ನೇರವಾಗಿ ಹೋಗಬಹುದಲ್ಲ, ಅದಕ್ಕೆ. ಅವರ ಹಿಂದೆಯೇ ಅಂಗಡಿ ಬಂತು, ಶಾಲೆ ಬಂತು, ದೀಪಾವಳಿಯೂ ಬಂತು. ಹಾಗಾಗಿ ಅಮ್ಮನಿಗೆ ತೊಗರಿಬೇಳೆ, ತುಪ್ಪ, ಸಾಸಿವೆ ಯಾವುದಕ್ಕೂ ಕೊರತೆ ಇರಲಿಲ್ಲ. ಕೊರತೆ ಇದ್ದದ್ದು ಮಾತಿಗೆ.

"ಇಲ್ಲಿ ಯಾರೂ ಏನೂ ಕೇಳಲ್ವಲ್ಲೇ," ಎಂದು ಮೊದಲ ವಾರದಲ್ಲೇ ಶುರು ಮಾಡಿದ್ದಳು.

ಅವಳ ಕಷ್ಟ ನನಗೆ ಅರ್ಥವಾಗುತ್ತದೆ. ಅರಸೀಕೆರೆಯಿಂದ ಹಾಸನಕ್ಕೆ ಬಸ್ಸಲ್ಲಿ ಒಂದು ಗಂಟೆ ದಾರಿ. ಅಷ್ಟರಲ್ಲಿ ಪಕ್ಕದ ಸೀಟಿನವರ ಊರು, ಮಗಳ ಮದುವೆ, ಮಂಡಿ ನೋವು, ಜಮೀನಿನ ಕೇಸು ಎಲ್ಲ ಅಮ್ಮನಿಗೆ ಗೊತ್ತಾಗಿರುತ್ತದೆ. ಅವರಿಗೂ ನಮ್ಮದು ಗೊತ್ತಾಗಿರುತ್ತದೆ. ಇಲ್ಲಿ ರೈಲಲ್ಲಿ ಒಂದು ಬೋಗಿಯಲ್ಲಿ ನೂರು ಜನ ಇದ್ದರೂ ಚಕ್ರದ ಸದ್ದು ಬಿಟ್ಟರೆ ಇನ್ನೊಂದು ಸದ್ದಿಲ್ಲ. ಫೋನಿನಲ್ಲಿ ಮಾತಾಡುವಂತಿಲ್ಲ. ಮಾತಾಡಿದರೆ ಯಾರೂ ಬೈಯುವುದಿಲ್ಲ, ಸುಮ್ನೆ ಒಂದು ಸಲ ನೋಡುತ್ತಾರೆ. ಆ ನೋಟಕ್ಕಿಂತ ಬೈಗುಳವೇ ಮೇಲು.

ಹಾಗಂತ ಊರು ಮೌನವಾಗಿಲ್ಲ. ಟಿಕೆಟ್ ಗೇಟು ಪಿಂಗ್ ಪಾಂಗ್ ಅನ್ನುತ್ತಿರುತ್ತದೆ. ಪ್ಲಾಟ್‌ಫಾರ್ಮಿನ ಮೆಟ್ಟಿಲ ಹತ್ತಿರ ಹಕ್ಕಿ ಚಿಲಿಪಿಲಿ ಕೇಳುತ್ತದೆ, ಕಣ್ಣು ಕಾಣದವರಿಗೆ ದಾರಿ ತಿಳಿಯಲಿ ಅಂತ ಹಾಕಿದ ಸ್ಪೀಕರು ಅದು. ರಸ್ತೆ ದಾಟುವ ಕಡೆ ಒಂದು ದಿಕ್ಕಿಗೆ ಪಿಯೊ ಪಿಯೊ, ಇನ್ನೊಂದು ದಿಕ್ಕಿಗೆ ಕಕ್ಕೂ ಅನ್ನುವ ಹಕ್ಕಿ. ಎಸ್ಕಲೇಟರ್ ಅಂತೂ ಕೈಹಿಡಿ ಹಿಡಿದುಕೊಳ್ಳಿ, ಹಳದಿ ಗೆರೆಯೊಳಗೆ ನಿಲ್ಲಿ ಎಂದು ಬೆಳಗಿನಿಂದ ಸಂಜೆಯವರೆಗೆ ಹೇಳುತ್ತಲೇ ಇರುತ್ತದೆ. ಅಮ್ಮ ಎರಡನೇ ದಿನವೇ ತೀರ್ಪು ಕೊಟ್ಟಳು: "ಈ ಊರಲ್ಲಿ ಮನುಷ್ಯರು ಮಾತಾಡಲ್ಲ, ಮೆಟ್ಟಿಲು ಮಾತಾಡುತ್ತೆ."

ಆ ಶನಿವಾರ ಇಕೆಬುಕುರೊ ಕಡೆ ಇರುವ ನನ್ನ ಗೆಳತಿಯ ಮನೆಗೆ ಹೊರಟಿದ್ದೆವು. ಅವಳು ಬಾಣಂತಿ, ಮಗುವಿಗೆ ಒಂದೂವರೆ ತಿಂಗಳು. ಅಮ್ಮ ಎರಡು ದಿನ ಕೂತು ಅಂಟಿನುಂಡೆ ಕಟ್ಟಿದ್ದಳು, ಹದಿನೈದು. ಗೆಳತಿಯ ಗಂಡ ಯಾಕೆ ಬಾಯಿ ಕಟ್ಟಬೇಕು ಎಂದು ಅವನಿಗೆ ಹುರಿಗಡಲೆ ಚಟ್ನಿಪುಡಿ ಒಂದು ಸ್ಟೀಲ್ ಡಬ್ಬಿ. ಮಗುವಿಗೆ ಅವಳೇ ಹೆಣೆದ ಕೆಂಪು ಉಲ್ಲನ್ನಿನ ಕುಲಾವಿ. ಎಲ್ಲವನ್ನೂ ತುಂಬಿದ್ದು ಊರಿನ ಯಾವುದೋ ಮದುವೆಯಲ್ಲಿ ಕೊಟ್ಟ ತಾಂಬೂಲದ ಚೀಲಕ್ಕೆ. ಮನೆಯಲ್ಲಿ ಎಷ್ಟು ಒಳ್ಳೊಳ್ಳೆ ಚೀಲ ಇದ್ದರೂ ಅಮ್ಮನಿಗೆ ಅದೇ ಆಗಬೇಕು.

ಸ್ಟೇಷನ್ನಿಗೆ ನಡೆಯುವಾಗ ಅಮ್ಮ ಒಂದು ಮಿಕಾನ್ ಸುಲಿದು ತಿಂದಳು. ಇಲ್ಲಿಯ ಪುಟ್ಟ ಕಿತ್ತಳೆ. ಸಿಪ್ಪೆ ಕೈಯಲ್ಲಿ ಹಿಡಿದು ಕಸದ ಡಬ್ಬಿ ಹುಡುಕಿದಳು. ಟೋಕಿಯೊದ ಬೀದಿಯಲ್ಲಿ ಕಸದ ಡಬ್ಬಿ ಹುಡುಕುವುದು ಅಂದರೆ ಕೆರೆಯಲ್ಲಿ ಉಂಗುರ ಹುಡುಕಿದ ಹಾಗೆ. 1995ರ ಮಾರ್ಚ್ 20ರಂದು ಇಲ್ಲಿಯ ಸುರಂಗ ರೈಲುಗಳಲ್ಲಿ ವಿಷಾನಿಲ ಬಿಟ್ಟು ಜನರನ್ನು ಕೊಂದರಲ್ಲ, ಆಮೇಲೆ ಸ್ಟೇಷನ್ನುಗಳಲ್ಲಿ ಇದ್ದ ಡಬ್ಬಿಗಳೂ ಎಷ್ಟೋ ಕಡೆ ಹೋದವು. ಈಗ ಜನ ತಮ್ಮ ಕಸ ತಾವೇ ಮನೆಗೆ ಹೊತ್ತುಕೊಂಡು ಹೋಗುತ್ತಾರೆ. ಅಮ್ಮನೂ ಸಿಪ್ಪೆಯನ್ನು ಕಾಗದದಲ್ಲಿ ಸುತ್ತಿ ತಾಂಬೂಲದ ಚೀಲಕ್ಕೇ ಹಾಕಿಕೊಂಡಳು. ಈ ಸಿಪ್ಪೆ ಮುಂದೆ ಮತ್ತೆ ಬರುತ್ತದೆ.

ರೈಲಲ್ಲಿ ಅಮ್ಮನಿಗೆ ಸೀಟು ಸಿಕ್ಕಿತು. ನಿಶಿ-ಕಸಾಯ್‌ನಲ್ಲಿ ಹಳಿ ನೆಲದಿಂದ ಮೇಲಿದೆ. ಅಲ್ಲಿಂದ ಹೊರಟ ಕೂಡಲೇ ಅರಕಾವಾ ನದಿಯ ಸೇತುವೆ. ಅಮ್ಮನಿಗೆ ಇಡೀ ದಾರಿಯಲ್ಲಿ ಇಷ್ಟವಾದದ್ದು ಅದೊಂದೇ. ಅಷ್ಟಗಲದ ನದಿಯನ್ನು ಮನುಷ್ಯರೇ ತೋಡಿದ್ದು, 1910ರ ದೊಡ್ಡ ಪ್ರವಾಹ ಆದಮೇಲೆ ಅಗೆಯಲು ಹಿಡಿದು 1930ಕ್ಕೆ ಮುಗಿಸಿದರು ಎಂದು ಹೇಳಿದೆ. "ಅಷ್ಟು ವರ್ಷ ಯಾರೂ ಮಾತಾಡದೆ ಅಗೆದಿರಬೇಕು," ಅಂದಳು. ಸೇತುವೆ ದಾಟಿದ ಮೇಲೆ ರೈಲು ಸುರಂಗಕ್ಕೆ ಇಳಿಯಿತು. ನೋಡಲು ಏನೂ ಇಲ್ಲ.

ಚೀಲ ಅಮ್ಮನ ತೊಡೆಯ ಮೇಲಿತ್ತು. ಅದರ ಹಿಡಿ ಪಕ್ಕದವರ ಮೊಣಕೈಗೆ ತಾಗುತ್ತಿತ್ತು. ಅವರು ಏನೂ ಅನ್ನಲಿಲ್ಲ. ಆದರೆ ಇಲ್ಲಿ ಹನ್ನೊಂದು ವರ್ಷ ಇದ್ದೂ ಇದ್ದೂ ನನಗೆ ಒಂದು ರೋಗ ಹತ್ತಿದೆ. ಯಾರೂ ಏನೂ ಅನ್ನದಿದ್ದರೂ ಅಂದ ಹಾಗೆ ಕೇಳಿಸುತ್ತದೆ. "ಕೊಡಮ್ಮಾ ಇಲ್ಲಿ," ಎಂದು ಚೀಲವನ್ನು ಕಿತ್ತುಕೊಂಡು ಮೇಲಿನ ಕಂಬಿಯ ಮೇಲೆ ಇಟ್ಟೆ. "ಬೇಡ ಕಣೇ, ಮರೀತೀವಿ," ಅಂದಳು. "ಇಲ್ಲಿ ಹಾಗೆಲ್ಲ ತೊಡೆ ಮೇಲೆ ಇಟ್ಕೊಳ್ಳಲ್ಲ," ಅಂದೆ. ಸುಳ್ಳು. ಎದುರಿನ ಸಾಲಿನಲ್ಲಿ ಏಳು ಜನ ಚೀಲ ತೊಡೆಯ ಮೇಲೆ ಇಟ್ಟುಕೊಂಡು ನಿದ್ದೆ ಮಾಡುತ್ತಿದ್ದರು.

ತಕದನೊಬಾಬಾದಲ್ಲಿ ಇಳಿದೆವು. ಅಲ್ಲಿ ಯಮನೋತೆ ಲೈನಿಗೆ ಬದಲಾಯಿಸಬೇಕು. ಪ್ಲಾಟ್‌ಫಾರ್ಮಿನಲ್ಲಿ ಗಾರ್ಡು ಬೆರಳು ಚಾಚಿ, ಒಂದು ಬದಿ ತೋರಿಸಿ ಏನೋ ಹೇಳಿಕೊಂಡ, ಮತ್ತೊಂದು ಬದಿ ತೋರಿಸಿ ಏನೋ ಹೇಳಿಕೊಂಡ. ಕಣ್ಣಿಂದ ನೋಡಿದ್ದನ್ನು ಕೈ, ಬಾಯಿ ಎರಡರಿಂದಲೂ ಖಾತ್ರಿ ಮಾಡಿಕೊಳ್ಳುವ ಪದ್ಧತಿ ಅದು. ಅಮ್ಮ ನಿಂತು ನೋಡಿದಳು. "ಸಂಧ್ಯಾವಂದನೆ ಮಾಡ್ದಂಗೆ ಮಾಡ್ತಾನಲ್ಲೇ." ನಾನು ನಕ್ಕೆ. ರೈಲು ಹೋಯಿತು. ಮೆಟ್ಟಿಲು ಹತ್ತಿ, ಗೇಟಿನಲ್ಲಿ ಕಾರ್ಡು ತೋರಿಸುವಾಗ ಅಮ್ಮ ತನ್ನ ಎರಡೂ ಕೈ ಖಾಲಿ ಇರುವುದನ್ನು ನೋಡಿದಳು.

ಗೇಟಿನ ಪಕ್ಕದ ಕಿಟಕಿಯಲ್ಲಿ ಹೇಳಿದೆ. ಕಳೆದುಹೋಗಿದೆ ಅಂತ ನನ್ನ ಬಾಯಲ್ಲಿ ಬಂದರೆ, ಅವರು "ವಸುರೆಮೊನೋ" ಎಂದು ಬರೆದುಕೊಂಡರು. ಮರೆತ ವಸ್ತು ಎಂದು ಅರ್ಥ. ಕಳೆದದ್ದು ಬೇರೆ, ಮರೆತದ್ದು ಬೇರೆ. ಎಷ್ಟು ಗಂಟೆಯ ರೈಲು? ಅದು ಗೊತ್ತಿತ್ತು. ಯಾವ ಬೋಗಿ? ಅದು ಗೊತ್ತಿರಲಿಲ್ಲ. ಹತ್ತು ಬೋಗಿ, ಒಂದೊಂದು ಬಾಗಿಲ ಮೇಲೂ ನಂಬರು ಅಂಟಿಸಿರುತ್ತಾರೆ. ಹನ್ನೊಂದು ವರ್ಷ ಓಡಾಡಿದವಳಿಗೆ ಅದು ಕಣ್ಣಿಗೆ ಬಿದ್ದಿರಲಿಲ್ಲ.

"ಏನು ಕೇಳ್ತಾರೆ?" ಅಂದಳು ಅಮ್ಮ. ಹೇಳಿದೆ.

"ಅಯ್ಯೋ, ನಾನು ನಿನ್ನ ಕೇಳಿದ್ನಲ್ಲ, ಗಾಜಿನ ಮೇಲೆ ಗುಲಾಬಿ ಕಾಗದ ಅಂಟಿಸಿದಾರೆ, ಹೆಂಗಸಿನ ಚಿತ್ರ ಇದೆ, ಆದ್ರೂ ಗಂಡಸ್ರು ಯಾಕೆ ಕೂತಿದಾರೆ ಅಂತ!"

ಹೌದು, ಕೇಳಿದ್ದಳು. ಹೆಂಗಸರ ಬೋಗಿ ವಾರದ ದಿನ ಬೆಳಗಿನ ಗದ್ದಲದ ಹೊತ್ತಿಗೆ ಮಾತ್ರ, ಶನಿವಾರ ಯಾರು ಬೇಕಾದರೂ ಕೂರಬಹುದು ಎಂದು ನಾನೇ ಉತ್ತರ ಕೊಟ್ಟಿದ್ದೆ. ರೈಲಿಗೆ ಅಂಥ ಬೋಗಿ ಒಂದೇ, ಅದೂ ತುದಿಯಲ್ಲಿ. ಕಿಟಕಿಯ ಹಿಂದಿನವರ ಮುಖ ಅರಳಿತು. ಫೋನ್ ಎತ್ತಿದರು.

ಆದರೆ ರೈಲು ನಿಲ್ಲುವುದಿಲ್ಲವಲ್ಲ. ನಾವು ಹತ್ತಿದ್ದು ಮಿತಾಕಾಗೆ ಹೋಗುವ ಗಾಡಿ. ತೋಝಾಯ್ ಲೈನು ನಕಾನೊಗೆ ಮುಗಿಯುತ್ತದೆ, ಗಾಡಿ ಮುಗಿಯುವುದಿಲ್ಲ. ಅಲ್ಲಿ ಚಾಲಕರು ಬದಲಾಗಿ, ಅದೇ ಗಾಡಿ ಇನ್ನೊಂದು ಕಂಪನಿಯ ಹಳಿಯ ಮೇಲೆ ಮಿತಾಕಾವರೆಗೆ ಹೋಗುತ್ತದೆ. ನಮ್ಮ ಅಂಟಿನುಂಡೆ ಗಡಿ ದಾಟಿತ್ತು. ಅರ್ಧ ಗಂಟೆ ಕಾಯಿರಿ ಎಂದರು.

ಕಾಯುವಾಗ ಅಮ್ಮನ ಸಮಾಧಾನಕ್ಕೆ ನನಗೆ ಗೊತ್ತಿದ್ದನ್ನೆಲ್ಲ ಹೇಳಿದೆ. ಹೀಗೆ ಸಿಕ್ಕಿದ್ದನ್ನು ಯಾರೂ ತೆಗೆದುಕೊಳ್ಳದಿದ್ದರೆ ಕೊನೆಗೆ ಪೊಲೀಸರಿಗೆ ಹೋಗುತ್ತದೆ, ಈದಾಬಾಶಿಯಲ್ಲಿ ಅದಕ್ಕೇ ದೊಡ್ಡ ಆಫೀಸಿದೆ, ಟೋಕಿಯೊ ಪೊಲೀಸರ ಕೈಗೆ ವರ್ಷಕ್ಕೆ 40 ಲಕ್ಷಕ್ಕೂ ಜಾಸ್ತಿ ವಸ್ತು ಬರುತ್ತವೆ, ಕೊಡೆಗಳೇ ಲಕ್ಷಗಟ್ಟಲೆ, ಮೂರು ತಿಂಗಳು ಇಟ್ಟುಕೊಂಡಿರುತ್ತಾರೆ ಅಂತ.

"ಉಂಡೇನೂ ಮೂರು ತಿಂಗಳು ಇಡ್ತಾರಾ?"

ಇಡುವುದಿಲ್ಲ. ತಿನ್ನುವ ವಸ್ತುವನ್ನು ಬೇಗ ಬಿಸಾಡಿಬಿಡುತ್ತಾರೆ. ಅದನ್ನು ಹೇಳಬಾರದಿತ್ತು. ಮಾತು ಬದಲಾಯಿಸಲು, ಸಿಕ್ಕಿದ್ದನ್ನು ತಂದುಕೊಟ್ಟವರು ಅದರ ಬೆಲೆಯಲ್ಲಿ ನೂರಕ್ಕೆ 5ರಿಂದ 20ರವರೆಗೆ ಕೇಳಬಹುದು, ಹಾಗಂತ ಕಾನೂನೇ ಇದೆ ಎಂದೆ. ಅಮ್ಮ ಬೆರಳು ಮಡಿಸಿದಳು. "ನೂರಕ್ಕೆ ಇಪ್ಪತ್ತು. ಹದಿನೈದಕ್ಕೆ ಮೂರು ಉಂಡೆ. ಕೊಡೋಣ, ಪಾಪ."

ಫೋನ್ ಬಂತು. ಮಿತಾಕಾದಲ್ಲಿ ಸಿಕ್ಕಿದೆ. ಕೊನೆಯ ಸ್ಟೇಷನ್ ಆದ್ದರಿಂದ ಗಾಡಿ ಖಾಲಿ ಮಾಡಿ ನೋಡುವಾಗ ಸಿಕ್ಕಿತಂತೆ. ಗೆಳತಿಗೆ ತಡವಾಗುತ್ತದೆ ಎಂದು ಮೆಸೇಜ್ ಹಾಕಿ ಮತ್ತೆ ತೋಝಾಯ್ ಹತ್ತಿದೆವು. ನಕಾನೊ ಹೊತ್ತಿಗೆ ರೈಲು ಬಿಸಿಲಿಗೆ ಬಂತು. ಅಲ್ಲಿಂದ ಮುಂದೆ ಮನೆಗಳ ಬಾಲ್ಕನಿ, ಬಾಲ್ಕನಿಯಲ್ಲಿ ಒಣಹಾಕಿದ ಹಾಸಿಗೆ, ಮತ್ತೆ ಬಾಲ್ಕನಿ. ಅಮ್ಮ ಈ ಸಲ ತನ್ನ ಪರ್ಸನ್ನು ಸೆರಗಿನೊಳಗೆ ಸೇರಿಸಿ ಗಟ್ಟಿಯಾಗಿ ಹಿಡಿದಿದ್ದಳು. ನಾನು ಏನೂ ಹೇಳಲಿಲ್ಲ.

ಮಿತಾಕಾದಲ್ಲಿ ಕೌಂಟರಿನ ಹಿಂದೆ ಇದ್ದವನು ಚಿಕ್ಕ ಹುಡುಗ, ಇಪ್ಪತ್ತೆರಡು ಇಪ್ಪತ್ಮೂರು ಇರಬಹುದು. ಚೀಲ ಅವನ ಹಿಂದಿನ ಮೇಜಿನ ಮೇಲೇ ಇತ್ತು. ನಮಗೂ ಕಾಣುತ್ತಿತ್ತು. ಆದರೂ ಕೊಡಲಿಲ್ಲ. ಮೊದಲು ಫಾರಂ. ಅದರ ಪ್ರಕಾರ ಒಂದೊಂದೇ ಪ್ರಶ್ನೆ.

ಚೀಲದ ಬಣ್ಣ? ಹಳದಿ, ಅಂಚು ಹಸಿರು. ಬಟ್ಟೆಯದೋ, ಪ್ಲಾಸ್ಟಿಕ್ಕೋ? ಬಟ್ಟೆಯದು. ಅದರ ಮೇಲೆ ಅಕ್ಷರ ಇದೆಯೇ? ಇದೆ. ಯಾವ ಭಾಷೆ? ಕನ್ನಡ. ಅವನಿಗೆ ತಿಳಿಯಲಿಲ್ಲ, ನಾನು ಹೇಳಿದ್ದನ್ನು ಕೇಳಿ ಕತಕಾನಾ ಲಿಪಿಯಲ್ಲಿ ಬರೆದುಕೊಂಡ, ಕಾ-ನ್-ನಾ-ದಾ. ಏನು ಬರೆದಿದೆ?

ನಾನು ಅನುವಾದ ಮಾಡುವ ಮೊದಲೇ ಅಮ್ಮ ಕನ್ನಡಕ ಸರಿಮಾಡಿಕೊಂಡು ಕನ್ನಡದಲ್ಲೇ ಗಟ್ಟಿಯಾಗಿ ಓದಿದಳು. "ತಮ್ಮ ಆಗಮನಕ್ಕೆ ಧನ್ಯವಾದಗಳು."

ಅವನು ನನ್ನ ಮುಖ ನೋಡಿದ. ಬಂದಿದ್ದಕ್ಕೆ ಥ್ಯಾಂಕ್ಸ್ ಅಂತ ಬರೆದಿದೆ ಎಂದೆ. ಅವನು ಎದ್ದು ನಿಂತು ಅಮ್ಮನಿಗೆ ತಲೆ ಬಾಗಿಸಿದ. ಅರ್ಥ ತಪ್ಪು ತಿಳಿದನೋ, ಸುಮ್ನೆ ಮರ್ಯಾದೆಗೋ, ನನಗೆ ಇವತ್ತಿಗೂ ಗೊತ್ತಿಲ್ಲ.

ಒಳಗೆ ಏನೇನಿದೆ? ಒಂದೊಂದಾಗಿ ಹೇಳಿದೆ, ಅವನು ಒಂದೊಂದಾಗಿ ಹೊರಗೆ ತೆಗೆದು ಟ್ರೇ ಮೇಲೆ ಇಟ್ಟ. ಕುಲಾವಿ. ಯಾರಿಗೆ? ಮಗುವಿಗೆ. ಉಂಡೆ ಡಬ್ಬಿ. ಇದೇನು? ಬಾಣಂತಿಗೆ ಶಕ್ತಿ ಬರಲು ಕೊಡುವ ಸಿಹಿ. ಆಮೇಲೆ ಕಾಗದದ ಪೊಟ್ಟಣ. ಇದು? ನನಗೆ ನಾಚಿಕೆಯಾಯಿತು. ಮಿಕಾನ್ ಸಿಪ್ಪೆ ಎಂದೆ. ಅವನು ನಗಲಿಲ್ಲ. ಫಾರಂನಲ್ಲಿ ಬರೆದ: ಮಿಕಾನ್ ಸಿಪ್ಪೆ, ಒಂದು ಪೊಟ್ಟಣ. ಅದನ್ನೂ ಉಳಿದವುಗಳ ಪಕ್ಕ ನೀಟಾಗಿ ಇಟ್ಟ.

ಅಮ್ಮ ಅಷ್ಟು ಹೊತ್ತೂ ಅವನ ಮುಖವನ್ನೇ ನೋಡುತ್ತಿದ್ದಳು. ಪ್ರತಿ ಪ್ರಶ್ನೆಗೂ "ಏನಂತೆ, ಏನಂತೆ?" ಎಂದು ನನ್ನ ತೋಳು ಜಗ್ಗುತ್ತಿದ್ದಳು. ಮೂರು ವಾರದಲ್ಲಿ ಅವಳನ್ನು ಇಷ್ಟು ಪ್ರಶ್ನೆ ಕೇಳಿದವರು ಯಾರೂ ಇರಲಿಲ್ಲ.

ಕೊನೆಗೆ ಸ್ಟೀಲ್ ಡಬ್ಬಿ. ಮುಚ್ಚಳ ತೆಗೆದ. ಕೆಂಪು ಪುಡಿ. ಬೆಳ್ಳುಳ್ಳಿ, ಇಂಗು, ಕರಿಬೇವಿನ ವಾಸನೆ ಕೌಂಟರಿನ ಈಚೆಗೂ ಬಂತು. ಫಾರಂನಲ್ಲಿ ಬರೆಯುವುದೆಲ್ಲ ಬರೆದಾಗಿತ್ತು. ಪೆನ್ನು ಕೆಳಗಿಟ್ಟ. ಒಂದು ಕ್ಷಣ ಬಿಟ್ಟು, ಸ್ವಲ್ಪ ದನಿ ತಗ್ಗಿಸಿ, ನನ್ನನ್ನಲ್ಲ, ಅಮ್ಮನನ್ನೇ ನೋಡಿ ಕೇಳಿದ:

"ಕರಾಯ್ ದೆಸು ಕಾ?"

"ಏನಂತೆ?"

"ಖಾರಾನಾ ಅಂತ ಕೇಳ್ತಿದಾನಮ್ಮ."

"ಖಾರ ಏನಿಲ್ಲ ಅಂತ ಹೇಳು. ಬ್ಯಾಡಗಿ ಮೆಣಸಿನಕಾಯಿ, ಬಣ್ಣ ಜಾಸ್ತಿ ಅಷ್ಟೇ. ಬಿಸಿ ಅನ್ನಕ್ಕೆ ತುಪ್ಪ ಹಾಕ್ಕೊಂಡು ಕಲಸ್ಕೊಂಡು ತಿನ್ನು ಅಂತ ಹೇಳು. ಇಲ್ಲೂ ಅನ್ನಾನೇ ಅಲ್ವಾ ತಿನ್ನೋದು?"

ಹೇಳಿದೆ. ಅವನು ಹೌದು ಹೌದು ಎಂದು ತಲೆಯಾಡಿಸಿದ. ನನ್ನ ಗುರುತಿನ ಕಾರ್ಡು ನೋಡಿ, ಸಹಿ ಹಾಕಿಸಿಕೊಂಡು, ಎಲ್ಲವನ್ನೂ ಅದೇ ಕ್ರಮದಲ್ಲಿ ಚೀಲಕ್ಕೆ ತುಂಬಿ ಎರಡೂ ಕೈಯಲ್ಲಿ ಕೊಟ್ಟ. ಅಮ್ಮ ಮೂರು ಉಂಡೆ ತೆಗೆದು ಮುಂದೆ ಚಾಚಿದಳು. ಅವನು ಎರಡೂ ಕೈ ಆಡಿಸಿ, ಬೇಡ ಬೇಡ, ನಾವು ತೆಗೆದುಕೊಳ್ಳುವ ಹಾಗಿಲ್ಲ ಎಂದ. ಅಮ್ಮ ಬಿಡಲಿಲ್ಲ. ಅವನೂ ಬಿಡಲಿಲ್ಲ. ನಮ್ಮ ಹಿಂದೆ ಕೊಡೆ ಮರೆತ ಒಬ್ಬರು ನಿಂತಿದ್ದರು, ನಾನೇ ಅಮ್ಮನನ್ನು ಎಳೆದುಕೊಂಡು ಬಂದೆ.

ಗೆಳತಿಯ ಮನೆ ತಲುಪಿದಾಗ ಎರಡು ಗಂಟೆ ದಾಟಿತ್ತು. ಎಲ್ಲಿ ಹೋಗಿದ್ರಿ ಆಂಟೀ, ಊಟ ಆರಿಹೋಯ್ತು ಎಂದು ಅವಳು ಬಾಗಿಲಲ್ಲೇ ಕೇಳಿದಳು. ಅಮ್ಮ ಚಪ್ಪಲಿ ಬಿಡುತ್ತಾ, ಹಾಸನಕ್ಕೆ ಹೋಗಿ ಬಂದವಳ ಹಾಗೆ ಹೇಳಿದಳು:

"ಮಿತಾಕಾಗೆ ಹೋಗಿದ್ವಮ್ಮ. ಅಲ್ಲಿ ಸ್ಟೇಷನ್ನಲ್ಲಿ ನಮಗೆ ಗೊತ್ತಿರೋ ಹುಡುಗ ಒಬ್ಬ ಇದ್ದಾನೆ."