ಪೋಪ್ ಹೇಳಿದ್ದನ್ನು ಒಪ್ಪದಿದ್ದರೆ ನೀವೆಂಥ ಕ್ಯಾಥೊಲಿಕ್?

ಮೊದಲು ಪರಿಚಯ, ಏಕೆಂದರೆ ಪ್ರಶ್ನೆ ಹುಟ್ಟುವುದು ಅಲ್ಲಿಂದಲೇ. ನಾನು ಹೊನ್ನಾವರ ತಾಲ್ಲೂಕಿನವಳು, ಈಗ ಕಾರವಾರದಲ್ಲಿದ್ದೇನೆ. ಮನೆಯಲ್ಲಿ ಕೊಂಕಣಿ ಆಡಿ, ಶಾಲೆಯಲ್ಲಿ ಕನ್ನಡ ಕಲಿತು, ಕನ್ನಡದಲ್ಲಿ ಕಥೆ ಬರೆಯುತ್ತೇನೆ. ಭಾನುವಾರದ ಪೂಜೆ ತಪ್ಪಿಸುವುದಿಲ್ಲ. ಮಹಿಳೆಯರಿಗೂ ಗುರುದೀಕ್ಷೆ ಸಿಗಬೇಕು, ಅಂದರೆ ಅವರೂ ಪಾದ್ರಿಗಳಾಗಬೇಕು, ಕುಟುಂಬ ಯೋಜನೆ ಗಂಡಹೆಂಡಿರ ಆತ್ಮಸಾಕ್ಷಿಗೆ ಬಿಟ್ಟದ್ದು, ಸಲಿಂಗಿಗಳ ಪ್ರೀತಿ ಪಾಪವಲ್ಲ ಎಂಬುದು ನನ್ನ ನಿಲುವು. ಈ ಮೂರರಲ್ಲೂ ಚರ್ಚಿನ ಅಧಿಕೃತ ಬೋಧನೆ ಬೇರೆ ಇದೆ ಎಂಬುದು ನನಗೆ ಗೊತ್ತು; ದಯವಿಟ್ಟು ಯಾರೂ ಹೊಸದಾಗಿ ತಿಳಿಸಬೇಡಿ.

ಶಿರಸಿಯ ಕಥಾಗೋಷ್ಠಿಯೊಂದರಲ್ಲಿ ನಿರೂಪಕರು ನನ್ನನ್ನು ‘ಪ್ರಗತಿಪರ ಕ್ರೈಸ್ತ ಲೇಖಕಿ’ ಎಂದು ಕರೆದು ಕೂರಿಸಿದರು. ಕಥೆಯ ಬಗ್ಗೆ ಯಾರೂ ಏನೂ ಕೇಳಲಿಲ್ಲ. ಚಹಾ ವಿರಾಮದಲ್ಲಿ ಹಿರಿಯರೊಬ್ಬರು ಅವಲಕ್ಕಿಯ ತಟ್ಟೆ ಹಿಡಿದು ಬಂದು, ‘ಅಲ್ಲ ತಂಗೀ, ಪೋಪ್ ಹೇಳಿದ್ದು ನಿಮಗೆ ಕಡ್ಡಾಯ ಅಲ್ದಾ? ಒಪ್ಪದಿದ್ದರೆ ಬಿಟ್ಟು ಬರಬಹುದಲ್ಲ?’ ಎಂದರು. ಅರ್ಧ ಗಂಟೆಯ ಹಿಂದೆ ಇದೇ ಹಿರಿಯರು ವೇದಿಕೆಯ ಮೇಲೆ ನಿಂತು ತಮ್ಮದೇ ಮಠದ ಮಡಿ-ಮೈಲಿಗೆಯನ್ನು ಲೇವಡಿ ಮಾಡಿ ಚಪ್ಪಾಳೆ ಗಿಟ್ಟಿಸಿದ್ದರು, ಮತ್ತು ಹಾಗಾದರೆ ನೀವೇಕೆ ಹಿಂದೂ ಆಗಿ ಉಳಿದಿದ್ದೀರಿ ಎಂದು ಅವರನ್ನು ಕೇಳಬೇಕೆಂದು ಆ ಸಭೆಯಲ್ಲಿ ಒಬ್ಬರಿಗೂ ಹೊಳೆದಿರಲಿಲ್ಲ. ತಮ್ಮ ಮನೆಯ ಭಿನ್ನಮತ ಸುಧಾರಣೆ, ನಮ್ಮ ಮನೆಯದು ಬೂಟಾಟಿಕೆ. ಆ ದಿನ ನಾನು ನಕ್ಕು ಸುಮ್ಮನಾದೆ. ಈಗ ನಗುವ ವ್ಯವಧಾನವಿಲ್ಲ, ಆದ್ದರಿಂದ ಬರೆಯುತ್ತಿದ್ದೇನೆ.

ಪೋಪ್ ಬಾಯಿ ಬಿಟ್ಟಾಗಲೆಲ್ಲ ತಪ್ಪಿಲ್ಲದ ಸತ್ಯವೇ ಬರುತ್ತದೆಂದು ಯಾವ ಕ್ಯಾಥೊಲಿಕನೂ ನಂಬಬೇಕಾಗಿಲ್ಲ. 1870ರ ಮೊದಲನೆಯ ವ್ಯಾಟಿಕನ್ ಮಹಾಸಭೆ, ಅಂದರೆ ಜಗತ್ತಿನ ಬಿಷಪರ ಸಭೆ, ತಪ್ಪಿಲ್ಲದೆ ಬೋಧಿಸುವ ಪೋಪರ ಅಧಿಕಾರಕ್ಕೆ ಬಿಗಿಯಾದ ಷರತ್ತುಗಳನ್ನು ಹಾಕಿತು. ಅದರ ನಂತರ ಪೋಪ್ ಒಬ್ಬರು ಅದನ್ನು ಬಳಸಿ ವಿಶ್ವಾಸಸತ್ಯವೊಂದನ್ನು ಘೋಷಿಸಿದ್ದು ಒಮ್ಮೆ ಮಾತ್ರ, 1950ರಲ್ಲಿ, ಮರಿಯಮ್ಮನವರ ಸ್ವರ್ಗಾರೋಹಣದ ವಿಷಯದಲ್ಲಿ. ಅದನ್ನು ನಾನು ನಂಬುತ್ತೇನೆ. ಕಾರವಾರದ ನಮ್ಮ ಪ್ರಧಾನಾಲಯವೇ, ಅಂದರೆ ಬಿಷಪರ ಚರ್ಚೇ, ಆ ಹೆಸರಿನದು. ಉಳಿದ ಬೋಧನೆಗಳಿಗೂ ಗೌರವ ಸಲ್ಲಬೇಕು, ನಿಜ, ಆದರೆ ಅವುಗಳಲ್ಲಿ ಕೆಲವು ಬದಲಾದದ್ದಕ್ಕೆ ಸಾಕ್ಷಿಯಿದೆ. ಎಲ್ಲರಿಗೂ ಧಾರ್ಮಿಕ ಸ್ವಾತಂತ್ರ್ಯವಿರಬೇಕು ಎಂಬ ವಾದವನ್ನು ರೋಮ್ 1864ರಲ್ಲಿ ತಪ್ಪುಗಳ ಪಟ್ಟಿಗೆ ಸೇರಿಸಿತ್ತು. ಅಮೆರಿಕದ ಜೆಸ್ವಿಟ್ ಸಂನ್ಯಾಸಿ ಸಂಘದ ಪಾದ್ರಿ ಜಾನ್ ಕೋರ್ಟ್ನಿ ಮರ್ರಿ ಆ ಸ್ವಾತಂತ್ರ್ಯದ ಪರವಾಗಿ ಬರೆದಾಗ, 1950ರ ದಶಕದಲ್ಲಿ, ಅವರ ಮೇಲಧಿಕಾರಿಗಳು ಬರೆಯುವುದನ್ನು ನಿಲ್ಲಿಸೆಂದರು. ಆಮೇಲೆ ಎರಡನೆಯ ವ್ಯಾಟಿಕನ್ ಮಹಾಸಭೆಗೆ ಅದೇ ಮರ್ರಿಯವರನ್ನು ತಜ್ಞರೆಂದು ಕರೆಸಲಾಯಿತು, ಮತ್ತು 1965ರಲ್ಲಿ ಅದೇ ಸ್ವಾತಂತ್ರ್ಯವನ್ನು ಮಹಾಸಭೆ ಎತ್ತಿಹಿಡಿಯಿತು. ಅವರು ‘ಬಿಟ್ಟು ಬಂದಿದ್ದರೆ’ ಆ ಘೋಷಣೆಯ ಕರಡಿಗೆ ಕೈ ಹಾಕಲು ಅವರಿರುತ್ತಿರಲಿಲ್ಲ. ಆತ್ಮಸಾಕ್ಷಿಯೆಂದರೆ ಮನಸ್ಸಿಗೆ ಬಂದದ್ದೆಲ್ಲ ಅಲ್ಲ, ಅದನ್ನು ಓದಿನಿಂದ, ಪ್ರಾರ್ಥನೆಯಿಂದ ತಿದ್ದಿಕೊಳ್ಳಬೇಕು ಎಂದೂ ಚರ್ಚ್ ಹೇಳುತ್ತದೆ. ಉದಾರವಾದಿಗಳು ಆ ಪುಟವನ್ನು ಬೇಗ ಮಗುಚುತ್ತಾರೆಂದು ಸಂಪ್ರದಾಯಸ್ಥರು ಆಡಿಕೊಳ್ಳುವುದರಲ್ಲಿ ಸ್ವಲ್ಪ ನಿಜವಿದೆ.

ಆದರೆ ಎಲ್ಲರ ಕುತೂಹಲವೂ ರೋಮಿನ ಬಗ್ಗೆಯೇ ಏಕೆ? ನಮ್ಮ ಜಿಲ್ಲೆಯ ಇಗರ್ಜಿಗಳಲ್ಲಿ ಜಾತಿ ಇದೆಯೇ ಎಂದು ಯಾರಾದರೂ ಕೇಳಿದ್ದರೆ ನಾನು ಚಹಾ ತಣ್ಣಗಾಗುವವರೆಗೂ ಮಾತನಾಡುತ್ತಿದ್ದೆ. ಗೋವೆಯಿಂದ ಬಂದ ನಮ್ಮ ಹಿರಿಯರು ಮತಾಂತರವಾಗಿ ಶತಮಾನಗಳು ಕಳೆದಿದ್ದರೂ, ಬಾಮಣ್ ಯಾರು, ಚಾರೋಡಿ ಯಾರು, ಸುದಿರ್ ಯಾರು ಎಂಬ ಲೆಕ್ಕ ಮದುವೆಯ ಮಾತು ಬಂದಾಗ ಇನ್ನೂ ಎದ್ದು ಕೂರುತ್ತದೆ. ಹಳಿಯಾಳ, ಯಲ್ಲಾಪುರದ ಕಡೆಯ ಸಿದ್ದಿಗಳಲ್ಲೂ ಕ್ಯಾಥೊಲಿಕರಿದ್ದಾರೆ. ಅವರ ಪೂರ್ವಜರಲ್ಲಿ ಅನೇಕರನ್ನು ಆಫ್ರಿಕದಿಂದ ಗುಲಾಮರಾಗಿ ಈ ಕರಾವಳಿಗೆ ತಂದವರಲ್ಲಿ ನಮಗೆ ಜ್ಞಾನಸ್ನಾನ ಕೊಟ್ಟ ಪೋರ್ಚುಗೀಸರೂ ಇದ್ದರು. ಪೂಜೆಯಲ್ಲಿ ಹಂಚುವ ರೊಟ್ಟಿಗೆ, ಅಂದರೆ ಪರಮಪ್ರಸಾದಕ್ಕೆ, ಆ ಸಿದ್ದಿಗಳೂ ನಾವೂ ಒಂದೇ ಸಾಲಿನಲ್ಲಿ ನಿಲ್ಲುತ್ತೇವೆ. ಆ ಮನೆಗಳಿಂದ ಸೊಸೆ ತರುವ ಮಾತನ್ನು ನಮ್ಮ ಮನೆಯಲ್ಲಿ ನಾನು ಒಮ್ಮೆಯೂ ಕೇಳಿಲ್ಲ. ಕ್ರಿಸ್ತನಲ್ಲಿ ದಾಸನೆಂದೂ ಸ್ವತಂತ್ರನೆಂದೂ ಭೇದವಿಲ್ಲವೆಂದು ಗಲಾತ್ಯರಿಗೆ ಪೌಲನು ಬರೆದದ್ದನ್ನು ನಾವು ಪೀಠದಿಂದ ಓದಿಸಿ ಕೇಳುತ್ತೇವೆ, ಕೇಳಿ ಮನೆಗೆ ಹೋಗಿ ಮೀನು ಸಾರು ಉಣ್ಣುತ್ತೇವೆ.

ನಾನು ಚರ್ಚಿನಲ್ಲಿರುವುದು ಅಭ್ಯಾಸಬಲದಿಂದಲ್ಲ. ಆ ರೊಟ್ಟಿಯಲ್ಲಿ ಕ್ರಿಸ್ತನಿದ್ದಾನೆಂದೂ ಅವನು ಸತ್ತು ಎದ್ದನೆಂದೂ ಅಕ್ಷರಶಃ ನಂಬುತ್ತೇನೆ, ಮತ್ತು ಇದನ್ನು ಕೇಳಿದಾಗ ನನ್ನ ಪ್ರಗತಿಪರ ಗೆಳೆಯರ ಮುಖ ಸಪ್ಪಗಾಗುತ್ತದೆ. ಆದರೆ ಆ ನಂಬಿಕೆ ಇಲ್ಲದಿದ್ದರೆ ಆ ಸಾಲಿನಲ್ಲಿ ಯಾರ ಹಿಂದೆ ಯಾರು ನಿಂತರೆ ನನಗೇನು? ಮದುವೆಯ ಜಾತಿ ಲೆಕ್ಕದ ಬಗ್ಗೆ, ಪೀಠದ ಬಳಿ ಹೆಣ್ಣಿಗೆ ಹಾಕಿದ ಗೆರೆಯ ಬಗ್ಗೆ ನಾನು ಜಗಳ ತೆಗೆಯುವುದೇ ಆ ರೊಟ್ಟಿ ಎಲ್ಲರದೆಂದು ನಂಬಿದ್ದರಿಂದ.

ಈ ಬರಹದ ಕರಡನ್ನು ಓದಿದ ಮಾವಶಿ, ಜಾತಿಯ ಭಾಗವನ್ನಾದರೂ ತೆಗೆದುಹಾಕು, ನಿನಗೆ ಸಂಬಂಧ ನೋಡುತ್ತಿದ್ದೇವೆ ಎಂದಳು. ತೆಗೆದಿಲ್ಲ. ನೋಡಲು ಬರುವವನು ಮೊದಲೇ ಓದಿಕೊಂಡು ಬಂದರೆ ಇಬ್ಬರಿಗೂ ಸಮಯ ಉಳಿಯುತ್ತದೆ.